ಸತ್ತ ಸುದ್ದಿ

ಹೊಸಬಾಳೆಯ ದಾರಿಯಲ್ಲಾಗಲಿ, ಶಿಕಾರಿಪುರದ ಬಸ್ ನಿಲ್ದಾಣದಲ್ಲಾಗಲಿ ಪರಿಚಿತರಿಬ್ಬರು ಎದುರಾದರೆ ಮೊದಲು ಬರುವ ಮಾತು ‘ಏನ್ ಸುದ್ದಿ?’. ‘ಎಂಥದೂ ಇಲ್ಲ, ನಿಮ್ ಕಡೆ ಏನ್ ಸುದ್ದಿ?’ ಎಂಬ ಉತ್ತರ ಬಂದಮೇಲೆ ಮಳೆ, ಅಡಿಕೆಯ ಧಾರಣೆ, ಶುಂಠಿಗೆ ಬಂದ ರೋಗ ಎಲ್ಲವೂ ಒಂದೊಂದಾಗಿ ಹೊರಬೀಳುತ್ತವೆ. ಅದೇ ಪದವನ್ನು ದನಿ ತಗ್ಗಿಸಿ ‘ಸುದ್ದಿ ಗೊತ್ತಾತಾ?’ ಎಂದು ಕೇಳಿದರೆ ಕೇಳಿಸಿಕೊಂಡವರ ಎದೆ ಧಸಕ್ಕೆನ್ನುತ್ತದೆ. ಯಾರೋ ಹೋಗಿದ್ದಾರೆ. ಆಗ ಮರುಪ್ರಶ್ನೆ ತಡಮಾಡದೆ ಬರುತ್ತದೆ: ‘ಯಾರು ಹೇಳಿದ್ರು?’ ಅದರ ಹಿಂದೆಯೇ ‘ಯಾವಾಗ? ಎಲ್ಲಿ? ಯಾರು ಹತ್ರ ಇದ್ರು?’ ಇಷ್ಟೆಲ್ಲ ಕೇಳಿದ್ದಕ್ಕೆ ಸುದ್ದಿ ತಂದವರು ಮುನಿಸಿಕೊಳ್ಳುವುದಿಲ್ಲ. ಸಾವಿನ ಸುದ್ದಿಯನ್ನು ಹಾಗೆ ವಿಚಾರಿಸಿಯೇ ಒಪ್ಪಿಕೊಳ್ಳಬೇಕು ಎಂಬುದು ಇಬ್ಬರಿಗೂ ಗೊತ್ತು. ಬದುಕಿದ್ದವರನ್ನು ಸತ್ತರೆಂದು ಹೇಳಿಬಿಡುವುದಕ್ಕಿಂತ ದೊಡ್ಡ ಅಚಾತುರ್ಯ ಹಳ್ಳಿಯಲ್ಲಿ ಇನ್ನೊಂದಿಲ್ಲ.

ಆದರೆ ಸಾವಿನ ಸುದ್ದಿಯನ್ನು ತರುವುದು ಸರ್ಕಾರವಾದಾಗ, ಸತ್ತವನು ಬಂಡಾಯದ ತಂಡವೊಂದರ ನಾಯಕನೋ ಭಯೋತ್ಪಾದಕರ ಮುಖಂಡನೋ ಆಗಿದ್ದಾಗ, ಇದೇ ಪ್ರಶ್ನೆಗಳಿಗೆ ಬೇರೆಯೇ ಬಣ್ಣ ಬರುತ್ತದೆ. ಯಾರು ನೋಡಿದರು, ಹೇಗೆ ಗುರುತಿಸಿದರು ಎಂದು ಕೇಳಿದವನು ಅವರ ಕಡೆಯವನು ಎನಿಸಿಕೊಳ್ಳುತ್ತಾನೆ. ಈ ಅನ್ಯಾಯವನ್ನು ಯೋಚಿಸುತ್ತ ಹೋದಂತೆ ನನಗೆ ‘ಸುದ್ದಿ’ ಎಂಬ ಪದದ ಜಾತಕವನ್ನೇ ನೋಡಬೇಕೆನಿಸಿತು. ಹಾಗೆ ಕೇಳುವ ಹಕ್ಕು ಆ ಪದದ ಹುಟ್ಟಿನಲ್ಲೇ ಇದೆ.

ಸುದ್ದಿ ಸಂಸ್ಕೃತದ ‘ಶುದ್ಧಿ’ಯ ತದ್ಭವ. ಶಕಾರ ಸಕಾರವಾಗುವುದು, ಮಹಾಪ್ರಾಣ ಅಲ್ಪಪ್ರಾಣವಾಗುವುದು ಕನ್ನಡದಲ್ಲಿ ತೀರ ಸಹಜ. ಹದಿಮೂರನೆಯ ಶತಮಾನದ ಕೇಶಿರಾಜ ಶಬ್ದಮಣಿದರ್ಪಣದಲ್ಲಿ ಇಂಥ ಮಾರ್ಪಾಟುಗಳಿಗಾಗಿ ಒಂದು ಪ್ರಕರಣವನ್ನೇ ಇಟ್ಟಿದ್ದಾನೆ. ಕಿಟ್ಟೆಲ್ ಕೋಶವೂ ಸುದ್ದಿಯನ್ನು ಶುದ್ಧಿಯ ಕೆಳಗೇ ತಂದು ನಿಲ್ಲಿಸುತ್ತದೆ. ಅಚ್ಚರಿ ಇರುವುದು ಅರ್ಥದಲ್ಲಿ. ಮಡಿ, ನಿರ್ಮಲತೆ ಎಂಬ ಅರ್ಥದ ಪದ ವರ್ತಮಾನ ಎಂಬ ಅರ್ಥಕ್ಕೆ ಹೇಗೆ ಬಂತು? ಸಂಸ್ಕೃತದಲ್ಲೇ ಶುದ್ಧಿಗೆ ಇನ್ನೊಂದು ಅರ್ಥವಿತ್ತು: ಸಂಶಯ ಕಳೆದು ಉಳಿದ ಖಚಿತವಾದ ತಿಳಿವಳಿಕೆ. ಒಬ್ಬನ ವಿಷಯದಲ್ಲಿ ‘ಶುದ್ಧಿ’ ಪಡೆಯುವುದೆಂದರೆ ಅವನೆಲ್ಲಿದ್ದಾನೆ, ಹೇಗಿದ್ದಾನೆ ಎಂಬುದನ್ನು ನಿಶ್ಚಯವಾಗಿ ತಿಳಿಯುವುದು. ಕೊಳೆ ತೆಗೆದ ಬಟ್ಟೆ ಶುದ್ಧವಾದಂತೆ ತಪ್ಪು ತೆಗೆದ ತಿಳಿವಳಿಕೆಯೂ ಶುದ್ಧ. ಆ ಅರ್ಥವೇ ಪ್ರಾಕೃತದ ಹಾದಿಯಲ್ಲಿ ನಮ್ಮ ಭಾಷೆಗಳಿಗೆ ಇಳಿಯಿತು. ಹಿಂದಿಯ ‘ಸುಧ್’ ಎಂದರೆ ಎಚ್ಚರ, ನೆನಪು, ಯೋಗಕ್ಷೇಮದ ವಿಚಾರಣೆ. ತೆಲುಗರ ಗೊಲ್ಲಸುದ್ದುಲುವಿನ ‘ಸುದ್ದಿ’ ಕಥೆಯೂ ಹೌದು, ಬುದ್ಧಿಮಾತೂ ಹೌದು.

ಮೂಲ ಧಾತು ‘ಶುಧ್’. ಅದೇ ಧಾತುವಿನಿಂದ ಬಂದದ್ದು ‘ಶೋಧ’. ಹಿಟ್ಟನ್ನು ಜರಡಿಯಲ್ಲಿ ‘ಸೋದಿಸುವ’ ಮಾತೂ ಅಲ್ಲಿಂದಲೇ. ಅಂದರೆ ಶೋಧ ಮತ್ತು ಸುದ್ದಿ ಒಡಹುಟ್ಟಿದ ಪದಗಳು. ಶೋಧಿಸಿದ ಮೇಲೆ ಸಿಕ್ಕದ್ದು ಸುದ್ದಿ. ಕಾಡಿನಲ್ಲಿ ಪೊಲೀಸರು ನಡೆಸುವುದನ್ನು ಪತ್ರಿಕೆಗಳು ‘ಶೋಧ ಕಾರ್ಯಾಚರಣೆ’ ಎನ್ನುತ್ತವೆ, ಅದರ ಕೊನೆಗೆ ಬರುವುದನ್ನು ‘ಸುದ್ದಿ’ ಎನ್ನುತ್ತವೆ. ಹೆಸರಿನಲ್ಲಿ ಎರಡೂ ಇವೆ. ಹೆಣವಾದವನ ವಿಚಾರದಲ್ಲಿ ಶೋಧ ನಿಜಕ್ಕೂ ನಡೆಯಿತೇ ಎಂಬುದೇ ಪ್ರಶ್ನೆ.

ಪದದ ಹಳೆಯ ಗಟ್ಟಿತನ ನಮ್ಮ ವ್ಯವಹಾರದಲ್ಲಿ ಇನ್ನೂ ಅಲ್ಲಲ್ಲಿ ಉಳಿದಿದೆ. ಉಪನೋಂದಣಾಧಿಕಾರಿಯ ಕಚೇರಿಯಲ್ಲಿ ಜಮೀನು ಮಾರಿದವರು ಬರೆದುಕೊಡುವುದು ‘ಶುದ್ಧ ಕ್ರಯಪತ್ರ’; ತಕರಾರಿಲ್ಲದ, ಹಿಂದೆ ಸರಿಯಲಾಗದ ಕ್ರಯ ಅದು. ಆದರೆ ಇದೇ ‘ಶುದ್ಧ’ ಸುಳ್ಳಿನ ಹಿಂದೆ ನಿಂತು ‘ಶುದ್ಧ ಸುಳ್ಳು’ ಎಂದಾಗುವುದನ್ನೂ ಕನ್ನಡ ಒಪ್ಪಿಕೊಂಡಿದೆ.

ಶುದ್ಧಿ ಎಂಬ ಅರ್ಥದ ಸುದ್ದಿಗೆ ರಾಮಾಯಣಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. ಸೀತೆಯ ಸುಳಿವನ್ನು ತುಲಸೀದಾಸರು ‘ಸುಧಿ’ ಎಂದೇ ಕರೆಯುತ್ತಾರೆ. ಆ ಸುಧಿಗೆ ಹನುಮಂತ ಲಂಕೆಗೆ ಹಾರಿದ, ಕಣ್ಣಾರೆ ಕಂಡ, ರಾಮನ ಉಂಗುರ ಕೊಟ್ಟು ತನ್ನ ಗುರುತು ಹೇಳಿದ, ಹಿಂತಿರುಗುವಾಗ ಚೂಡಾಮಣಿ ತಂದ. ಸೀತೆ ಬದುಕಿದ್ದಾಳೆ ಎಂದು ಹೇಳಲು ಮಾತೊಂದೇ ಸಾಲದು ಎಂಬುದು ಕವಿಗೆ ಗೊತ್ತಿತ್ತು. ವಾಲ್ಮೀಕಿ ರಾಮಾಯಣದ ಯುದ್ಧಕಾಂಡದಲ್ಲಿ ಇದಕ್ಕೆ ತದ್ವಿರುದ್ಧವಾದ ಘಟನೆಯಿದೆ. ರಾವಣ ವಿದ್ಯುಜ್ಜಿಹ್ವನೆಂಬ ಮಾಯಾವಿಯಿಂದ ರಾಮನ ತಲೆಯನ್ನೂ ಬಿಲ್ಲನ್ನೂ ಮಾಡಿಸಿ ತಂದು ಅಶೋಕವನದಲ್ಲಿ ಸೀತೆಯ ಎದುರಿಗಿಡುತ್ತಾನೆ. ನಿನ್ನ ಗಂಡ ಸತ್ತ, ಸೇನೆ ಚೆದುರಿತು, ಇನ್ನಾದರೂ ಒಪ್ಪಿಕೋ ಎನ್ನುತ್ತಾನೆ. ಅರಮನೆಯ ಅಧಿಕೃತ ಪ್ರಕಟಣೆ ಅದು, ಸಾಕ್ಷ್ಯವೂ ಕಣ್ಣೆದುರಿಗಿದೆ. ಸೀತೆ ನಂಬಿ ಗೋಳಾಡುತ್ತಾಳೆ. ಸರಮೆ ಎಂಬ ರಾಕ್ಷಸಿ, ಅದೇ ಲಂಕೆಯವಳು, ಬಂದು ಇದು ಮಾಯೆ ಎಂದು ತಿಳಿಸುತ್ತಾಳೆ. ವಾಲ್ಮೀಕಿಯ ಈ ಸರಮೆಯ ಮೇಲೆ ನನಗೆ ಬಹಳ ಗೌರವ. ಆಳುವವನ ಊರಲ್ಲೇ ಇದ್ದು, ಆಳುವವನು ತಂದ ಸಾವಿನ ಸುದ್ದಿಯನ್ನು ವಿಚಾರಿಸಿ ನೋಡಿದವಳು ಅವಳು.

ಮಹಾಭಾರತದಲ್ಲಿ ದ್ರೋಣನಿಗೆ ಅಂಥ ಸರಮೆ ಸಿಗಲಿಲ್ಲ. ಮಗ ಸತ್ತನೆಂದು ಭೀಮ ಕೂಗಿದಾಗ ದ್ರೋಣ ನಂಬದೆ ಧರ್ಮರಾಯನನ್ನು ಕೇಳಿದ. ವಿಧಾನ ಸರಿಯಾಗಿತ್ತು, ಎದುರಾಳಿಗಳಲ್ಲೇ ಸುಳ್ಳಾಡದವನೆಂದು ಹೆಸರಾದವನನ್ನು ಆರಿಸಿಕೊಂಡಿದ್ದ. ಯುದ್ಧ ಗೆಲ್ಲಬೇಕಾದಾಗ ಆ ಬಾಯಿಯೂ ಅರ್ಧ ಮಾತನ್ನು ನುಂಗಿತು. ಸೊರಬ, ಸಾಗರ ಕಡೆ ಯಕ್ಷಗಾನದ ಆಟ, ತಾಳಮದ್ದಲೆ ನೋಡಿ ಬೆಳೆದವರಿಗೆ ಈ ಪ್ರಸಂಗಗಳು ಬಾಲ್ಯದಲ್ಲೇ ಸಿಕ್ಕಿರುತ್ತವೆ. ಹೆಸರಾಂತನ ಸಾವು ಆಯುಧವೂ ಆಗಬಲ್ಲದು ಎಂಬ ತಿಳಿವು ನಮ್ಮ ಜನಕ್ಕೆ ಪತ್ರಿಕೆಗಳಿಂದ ಬಂದದ್ದಲ್ಲ.

ಕನ್ನಡದ ವ್ಯಾಕರಣವೂ ಇದಕ್ಕೆ ತಯಾರಿ ಮಾಡಿಕೊಂಡಿದೆ. ‘ಸತ್ತ’ ಎಂದರೆ ಹೇಳುವವನು ಹೊಣೆ ಹೊತ್ತಿದ್ದಾನೆ. ‘ಸತ್ತನಂತೆ’ ಎಂದರೆ ಹೊಣೆ ಬೇರೆಯವರದು. ಒಂದು ‘ಅಂತೆ’ ಸೇರಿದರೆ ಸಾಕು, ನಾನು ಕಂಡದ್ದಲ್ಲ, ಕೇಳಿದ್ದು ಎಂಬ ಷರಾ ಬಿದ್ದಂತೆ. ಹಳಗನ್ನಡದಲ್ಲಿ ಈ ಕೆಲಸವನ್ನು ‘ಗಡ’ ಎಂಬ ಅವ್ಯಯ ಮಾಡುತ್ತಿತ್ತು. ಕಂಡದ್ದನ್ನೂ ಕೇಳಿದ್ದನ್ನೂ ಕ್ರಿಯಾಪದದ ತುದಿಯಲ್ಲೇ ಬೇರೆ ಮಾಡಿಡುವ ಈ ಅನುಕೂಲ ಎಲ್ಲ ಭಾಷೆಗಳಿಗೂ ಇಲ್ಲ. ಅಂತೆಗಳು ಹೆಚ್ಚಾದಾಗ ನಾವದನ್ನು ‘ಅಂತೆಕಂತೆ’ ಎಂದು ತಳ್ಳಿಹಾಕುತ್ತೇವೆ. ‘ವದಂತಿ’ಯ ಅರ್ಥವೂ ಮೂಲದಲ್ಲಿ ‘ಹೇಳುತ್ತಾರೆ’ ಎಂದಷ್ಟೇ. ಯಾರು ಹೇಳುತ್ತಾರೆ ಎಂಬುದು ಅದರಲ್ಲಿಲ್ಲ.

ಈಗ ಬಳ್ಳಿಗಾವಿಗೆ ಬರೋಣ, ಶಿಕಾರಿಪುರ ತಾಲ್ಲೂಕಿನದೇ ಊರು. ಬಿ. ಎಲ್. ರೈಸ್ 1902ರಲ್ಲಿ ಹೊರತಂದ ಎಪಿಗ್ರಾಫಿಯಾ ಕರ್ನಾಟಿಕದ ಏಳನೆಯ ಸಂಪುಟದಲ್ಲಿ ಈ ತಾಲ್ಲೂಕಿನ ಶಾಸನಗಳಿವೆ. ಸೊರಬದವು 1904ರ ಎಂಟನೆಯ ಸಂಪುಟದಲ್ಲಿವೆ. ಬಳ್ಳಿಗಾವಿಯ 1068ರ ಶಾಸನವೊಂದು ಚಾಲುಕ್ಯ ಚಕ್ರವರ್ತಿ ಒಂದನೆಯ ಸೋಮೇಶ್ವರನ, ಅಂದರೆ ಆಹವಮಲ್ಲನ, ಸಾವನ್ನು ದಾಖಲಿಸಿದೆ. ಆತ ಕುರುವತ್ತಿಯಲ್ಲಿ ತುಂಗಭದ್ರೆಗಿಳಿದು ಪರಮಯೋಗದಿಂದ ದೇಹ ಬಿಟ್ಟ ಎನ್ನುತ್ತದೆ ಆ ಕಲ್ಲು. ತಿಥಿ, ವಾರ ಎಲ್ಲವೂ ಇವೆ. ವಾಸಿಯಾಗದ ಜ್ವರ ಬಂದು ಹಾಗೆ ಮಾಡಿದನೆಂದು ಬಿಲ್ಹಣನ ವಿಕ್ರಮಾಂಕದೇವಚರಿತ ಹೇಳುತ್ತದೆ. ಇದೇ ರಾಜನ ಕೊನೆಗಾಲವನ್ನು ಶತ್ರುಗಳಾದ ಚೋಳರ ಪ್ರಶಸ್ತಿಗಳು ವರ್ಣಿಸುವ ಬಗೆಯೇ ಬೇರೆ. ಕೂಡಲಿನಲ್ಲಿ ಯುದ್ಧಕ್ಕೆ ಬರುತ್ತೇನೆಂದು ಹೇಳಿಕಳಿಸಿ ಆಹವಮಲ್ಲ ಬರಲೇ ಇಲ್ಲ, ಹೆದರಿ ಓಡಿದ. ಚೋಳ ದೊರೆ ವೀರರಾಜೇಂದ್ರ ಕಾದು ಕಾದು, ಕಡೆಗೆ ಅವನ ಪ್ರತಿಮೆ ಮಾಡಿಸಿ ಅವಮಾನಿಸಿದ. ರೋಗದಿಂದ ನರಳುತ್ತಿದ್ದವನು ಹೆದರಿ ಓಡಿದವನಾಗುವುದಕ್ಕೆ ಗಡಿಯೊಂದನ್ನು ದಾಟಿದರೆ ಸಾಕಾಯಿತು. ಎರಡೂ ಅರಮನೆಯ ಮಾತುಗಳೇ. ಇಂದಿನ ಇತಿಹಾಸಕಾರರು ಎರಡನ್ನೂ ಪಕ್ಕಪಕ್ಕ ಇಟ್ಟು ಓದುತ್ತಾರೆ, ಕಾವ್ಯದ ಮಾತನ್ನು ಕಲ್ಲಿನೊಂದಿಗೆ ಹೋಲಿಸುತ್ತಾರೆ. ಒಂಬೈನೂರು ವರ್ಷದ ಹಿಂದಿನ ರಾಜನ ಸಾವಿಗೆ ನಾವು ಸಲ್ಲಿಸುವ ಈ ಎಚ್ಚರ ಮೊನ್ನೆ ಸತ್ತವನಿಗೆ ಸಲ್ಲಬಾರದೇಕೆ?

ಈ ಸೀಮೆಯ ಹೊಲಗದ್ದೆಗಳ ಅಂಚಿನಲ್ಲಿ ನಿಂತಿರುವ ವೀರಗಲ್ಲುಗಳದು ಇನ್ನೊಂದು ಬಗೆ. ತುರುಗಳನ್ನು ಅಟ್ಟಿಕೊಂಡು ಹೋಗುವವರ ಮೇಲೆ ಬಿದ್ದು ಕಾದಿ ಸತ್ತವನ ಹೆಸರು, ಅವನು ಯಾರ ಮಗ, ಕಲ್ಲು ನಿಲ್ಲಿಸಿದವರು ಯಾರು, ಯಾವ ರಾಜನ ಆಳ್ವಿಕೆಯಲ್ಲಿ ಎಂಬುದು ಅವುಗಳಲ್ಲಿ ಎಷ್ಟೋ ಕಡೆ ಸಿಗುತ್ತದೆ. ಕಲ್ಲಿನ ಮೇಲಿನ ಪಟ್ಟಿಕೆಯಲ್ಲಿ ಅಪ್ಸರೆಯರು ವೀರನನ್ನು ಒಯ್ಯುತ್ತಾರೆ, ಅದು ನಂಬಿಕೆ. ಕೆಳಗಿನ ಪಟ್ಟಿಕೆಯ ಸಾವು ಮಾತ್ರ ಊರೆಲ್ಲ ಕಂಡದ್ದು. ಅವನನ್ನು ಬಲ್ಲವರ ಮಧ್ಯೆಯೇ ಕಲ್ಲು ನಿಲ್ಲಬೇಕಾಗಿದ್ದರಿಂದ ಸುಳ್ಳಿಗೆ ಜಾಗ ಕಡಿಮೆ. ನಾವು ಕೊಂದೆವು ಎಂಬ ಮಾತಿಗೂ ನಮ್ಮವನು ಸತ್ತ ಎಂಬ ಮಾತಿಗೂ ಸಾಕ್ಷಿಯ ವಿಷಯದಲ್ಲಿ ಇರುವ ಅಂತರ ಈ ಕಲ್ಲುಗಳಲ್ಲಿ ಸ್ಪಷ್ಟ.

ಕೆಳದಿ ಸಂಸ್ಥಾನ ಮುಗಿದದ್ದೇ ಒಂದು ಸಾವಿನ ಸುದ್ದಿಯ ಗೊಂದಲದಲ್ಲಿ. ರಾಣಿ ವೀರಮ್ಮಾಜಿ ದತ್ತುಮಗ ಚೆನ್ನಬಸಪ್ಪ ನಾಯಕನನ್ನು ಕೊಲ್ಲಿಸಿದಳೆಂದು ಮಾತು ಹಬ್ಬಿತ್ತು. 1763ರಲ್ಲಿ ಹೈದರಾಲಿ ಚಿತ್ರದುರ್ಗದ ಕಡೆ ಬಂದಾಗ ಒಬ್ಬ ಯುವಕ ಎದುರು ನಿಂತು, ನಾನೇ ಆ ಚೆನ್ನಬಸಪ್ಪ, ಬದುಕಿ ಉಳಿದಿದ್ದೇನೆ ಎಂದ. ಅವನ ಹಕ್ಕನ್ನು ಕೊಡಿಸುವ ನೆಪದಲ್ಲಿ ಹೈದರ್ ಬಿದನೂರಿನ ಮೇಲೆ ಏರಿಹೋದ. ಬಿದನೂರು ಬಿತ್ತು. ಆಮೇಲೆ ರಾಣಿಯನ್ನೂ, ಸತ್ತು ಬದುಕಿದೆನೆಂದ ಈ ಯುವಕನನ್ನೂ ಒಂದೇ ಮಧುಗಿರಿಯ ಕೋಟೆಗೆ ಸೆರೆಗೆ ಕಳಿಸಿದ. ಅವನು ನಿಜವೋ ನಕಲಿಯೋ ಎಂದು ಶೋಧಿಸುವ ಅಗತ್ಯ ಹೈದರನಿಗೆ ಇರಲಿಲ್ಲ. ಸುದ್ದಿ ಉಪಯೋಗಕ್ಕೆ ಬಂದರೆ ಸಾಕಿತ್ತು.

ಶಿಕಾರಿಪುರದ ನಿಜವಾದ ಪ್ರಸಂಗ ಅದಾಗಿ ಮೂವತ್ತಾರು ವರ್ಷಕ್ಕೆ ಬರುತ್ತದೆ. ಚನ್ನಗಿರಿಯಲ್ಲಿ ಹುಟ್ಟಿದ ಧೋಂಡಿಯ ವಾಘ್ ಹೈದರನ ಕಾಲದ ಕುದುರೆಸವಾರ. ಟಿಪ್ಪುವಿನ ಸೆರೆಯಲ್ಲಿದ್ದವನು 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ಗೊಂದಲದಲ್ಲಿ ಹೊರಬಿದ್ದ. ಚೆದುರಿದ ಮೈಸೂರು ಸೈನಿಕರನ್ನು ಕೂಡಿಸಿಕೊಂಡು ಬಿದನೂರು, ಶಿಕಾರಿಪುರ ಸೀಮೆಯನ್ನು ಹಿಡಿದ. ಈಸ್ಟ್ ಇಂಡಿಯಾ ಕಂಪನಿಯ ಎರಡು ಪಡೆಗಳು, ಒಂದು ಡಾಲ್‌ರಿಂಪಲ್‌ನದು, ಒಂದು ಸ್ಟೀವನ್‌ಸನ್‌ನದು, ಬೆನ್ನಟ್ಟಿದವು. ಆಗಸ್ಟ್‌ನಲ್ಲಿ ಶಿಕಾರಿಪುರದ ಬಳಿ ಅವನ ತಂಡ ಮುರಿದುಬಿತ್ತು, ಕೋಟೆ ಕಂಪನಿಯ ವಶವಾಯಿತು. ಧೋಂಡಿಯ ಉತ್ತರಕ್ಕೆ ಓಡಿ ಮರಾಠರ ಗಡಿ ದಾಟಿದ. ಅಲ್ಲಿ ಧೋಂಡೋಪಂತ ಗೋಖಲೆ ಅವನ ಮೇಲೆ ಬಿದ್ದು ಆನೆ, ಒಂಟೆ, ತೋಪುಗಳನ್ನು ಕಿತ್ತುಕೊಂಡ. ಲೆಕ್ಕದ ಪ್ರಕಾರ ಅಲ್ಲಿಗೆ ಅವನ ಕಥೆ ಮುಗಿಯಬೇಕಿತ್ತು.

ಮುಗಿಯಲಿಲ್ಲ. ಮರುವರ್ಷ ಸಾವಿರಾರು ಕುದುರೆಗಳೊಂದಿಗೆ ಕಾಣಿಸಿಕೊಂಡವನು ತನ್ನನ್ನು ‘ಉಭಯ ಲೋಕಾಧೀಶ್ವರ’ ಎಂದು ಕರೆದುಕೊಂಡ. ಹಿಂದೆ ತನ್ನನ್ನು ದೋಚಿದ ಗೋಖಲೆಯನ್ನು 1800ರ ಜೂನ್ ಕೊನೆಗೆ ಕಿತ್ತೂರಿನ ಕಡೆ ಕೊಂದ. ಕಂಪನಿಯ ಸೇನಾನಿ ಅರ್ಥರ್ ವೆಲ್ಲೆಸ್ಲಿ ಹರಿಹರದ ಬಳಿ ತುಂಗಭದ್ರೆ ದಾಟಿ, ರಾಣೆಬೆನ್ನೂರು, ಕುಂದಗೋಳ, ಡಂಬಳ ಒಂದೊಂದನ್ನೇ ಹಿಡಿಯುತ್ತ ಅವನ ಹಿಂದೆ ಅಲೆದ. 1800ರ ಸೆಪ್ಟೆಂಬರ್ 10ರಂದು ನಿಜಾಮನ ಸೀಮೆಯಲ್ಲಿ, ಇಂಗ್ಲಿಷ್ ದಾಖಲೆಗಳು ಕೋನಗಲ್ ಎಂದು ಕರೆಯುವ ಊರಿನ ಬಳಿ, ನಾಲ್ಕು ರೆಜಿಮೆಂಟಿನ ಸವಾರರು ಒಂದೇ ಸಾಲಾಗಿ ಏರಿಹೋದರು. ಧೋಂಡಿಯ ಬಿದ್ದ. ಆಮೇಲೆ ನಡೆದದ್ದು ನಮ್ಮ ವಿಷಯಕ್ಕೆ ಮುಖ್ಯ. ಹೆಣಗಳ ನಡುವೆ ಅವನ ದೇಹವನ್ನು ಗುರುತಿಸಿ, ತೋಪಿನ ಗಾಡಿಗೆ ಕಟ್ಟಿ ಶಿಬಿರಕ್ಕೆ ಎಳೆದು ತಂದರು.

ಆ ಕ್ರೌರ್ಯವನ್ನು ನಾನು ಸಮರ್ಥಿಸುತ್ತಿಲ್ಲ. ಆದರೆ ಗೆದ್ದವರು ಹಾಗೇಕೆ ಮಾಡಿದರು ಎಂಬುದು ಅರ್ಥವಾಗುತ್ತದೆ. ಒಮ್ಮೆ ಶಿಕಾರಿಪುರದಲ್ಲಿ ಮುಗಿಯಿತೆಂದವನು ವರ್ಷದೊಳಗೆ ಎದ್ದು ಬಂದಿದ್ದ. ಧೋಂಡಿಯ ಸತ್ತ ಎಂದು ಬರಿಯ ಕಾಗದ ಬರೆದರೆ ತುಂಗಭದ್ರೆಯ ಎರಡೂ ದಡದಲ್ಲಿ ಯಾರೂ ನಂಬುವಂತಿರಲಿಲ್ಲ. ಗವರ್ನರ್ ಜನರಲ್ ಆಗಿದ್ದ ರಿಚರ್ಡ್ ವೆಲ್ಲೆಸ್ಲಿ ಅರ್ಥರನ ಅಣ್ಣ. ತಮ್ಮನ ಜಯ ಅಣ್ಣನ ಆಡಳಿತಕ್ಕೂ ಬೇಕಾಗಿತ್ತು. ಅಂಥ ಕಡೆಯಿಂದ ಬಂದ ಮಾತನ್ನು ಜನ ‘ಅಂತೆ’ ಸೇರಿಸಿಯೇ ಕೇಳುತ್ತಾರೆಂದು ಗೆದ್ದವರಿಗೆ ಗೊತ್ತಿತ್ತು. ಸಾಮಾನುಗಳ ನಡುವೆ ಸಿಕ್ಕ ಧೋಂಡಿಯನ ನಾಲ್ಕು ವರ್ಷದ ಮಗ ಸಲಾಬತ್ ಖಾನನನ್ನು ವೆಲ್ಲೆಸ್ಲಿ ಸಾಕಿಸಿದ, ದೇಶ ಬಿಡುವಾಗ ಹುಡುಗನಿಗಾಗಿ ಹಣ ಇಟ್ಟುಹೋದ. ಕಂಪನಿಯ ಕಾಗದಗಳಲ್ಲಿ ಧೋಂಡಿಯ ದರೋಡೆಕೋರ. ಇಂದಿನ ನಮ್ಮ ಅನೇಕ ಪುಸ್ತಕಗಳಲ್ಲಿ ಬ್ರಿಟಿಷರ ವಿರುದ್ಧ ಎದ್ದ ಮೊದಮೊದಲ ಹೋರಾಟಗಾರರಲ್ಲಿ ಒಬ್ಬ. ವಿಶೇಷಣ ಬದಲಾಗುತ್ತಲೇ ಬಂದಿದೆ, ಸಾವು ಮಾತ್ರ ಯಾರೂ ಅಲ್ಲಗಳೆಯಲಾರದಂತೆ ಉಳಿದಿದೆ.

ಮುದ್ರಣ ಬಂದಮೇಲೆ ಸುದ್ದಿಗೆ ದಾಯಾದಿಗಳು ಹುಟ್ಟಿಕೊಂಡರು. 1843ರಲ್ಲಿ ಮೋಗ್ಲಿಂಗ್ ಹೊರಡಿಸಿದ ಮೊದಲ ಕನ್ನಡ ಪತ್ರಿಕೆ ‘ಮಂಗಳೂರ ಸಮಾಚಾರ’. ಆಕಾಶವಾಣಿ ‘ವಾರ್ತೆ’ಯನ್ನು ಆರಿಸಿಕೊಂಡಿತು, ರಾಜ್ಯ ಸರ್ಕಾರಕ್ಕೆ ಇರುವುದೂ ವಾರ್ತಾ ಇಲಾಖೆ. ಸುದ್ದಿ ಜನರ ಬಾಯಲ್ಲಿ ಉಳಿದು, ಆಮೇಲೆ ಸುದ್ದಿಗಾರ, ಸುದ್ದಿಗೋಷ್ಠಿ, ಸುದ್ದಿವಾಹಿನಿಯಾಗಿ ಮರಳಿತು. ಈಗ ದೊಡ್ಡ ಸಾವುಗಳು ಮೊದಲು ತಿಳಿಯುವುದು ಸುದ್ದಿಗೋಷ್ಠಿಯಲ್ಲಿ. ಮೇಜಿನ ಮೇಲೆ ಬಂದೂಕು, ಹಿಂದೆ ಅಧಿಕಾರಿಗಳ ಸಾಲು. ಮರುದಿನದ ತಲೆಬರಹದಲ್ಲಿ ‘ಹತ’ ಎಂಬ ಎರಡಕ್ಷರ. ‘ಹತನೆಂದು ಪೊಲೀಸರು ಹೇಳಿದ್ದಾರೆ’ ಎಂಬುದು ಒಳಗಿನ ಮೂರನೆಯ ಸಾಲಿಗೆ ಜಾರಿರುತ್ತದೆ. ಪರದೆಯ ಕೆಳಗೆ ಓಡುವ ಪಟ್ಟಿಯಲ್ಲಂತೂ ಅದು ಇರುವುದೇ ಇಲ್ಲ. ಕನ್ನಡ ಕೊಟ್ಟ ‘ಅಂತೆ’ಯನ್ನು ಕನ್ನಡದ ಪತ್ರಿಕೆಗಳೇ ಕೈಬಿಟ್ಟಿವೆ ಎಂಬುದು ನನಗೆ ನೋವಿನ ಸಂಗತಿ.

ಈ ನಡುವೆ ‘ಎನ್‌ಕೌಂಟರ್’ ಎಂಬ ಪದ ಕನ್ನಡಕ್ಕೆ ಬಂತು. ಎದುರುಬದುರಾಗುವುದು ಎಂಬುದಷ್ಟೇ ಅದರ ಅರ್ಥ. ಪೊಲೀಸರ ಪ್ರಕಟಣೆಯಲ್ಲಿ ಅದು ‘ನಡೆಯುತ್ತದೆ’: ಎನ್‌ಕೌಂಟರ್ ನಡೆಯಿತು, ಗುಂಡಿನ ಚಕಮಕಿ ನಡೆಯಿತು. ಜನರ ಬಾಯಲ್ಲಿ ಮಾತ್ರ ಅದು ‘ಮಾಡುವ’ ಕೆಲಸ: ‘ಅವನನ್ನ ಎನ್‌ಕೌಂಟರ್ ಮಾಡಿದ್ರು’. ಕರ್ಮಪದ ಬೇಡುವ ಕ್ರಿಯೆ. ಇಬ್ಬರು ಸೇರಿ ಕಾದಾಡಿದ್ದಲ್ಲ, ಒಬ್ಬರು ಇನ್ನೊಬ್ಬರಿಗೆ ಮಾಡಿದ್ದು. ಯಾವ ವಿಚಾರಣಾ ಆಯೋಗವೂ ಹೇಳಿಕೊಡದೆ ಈ ವ್ಯಾಕರಣ ರೂಢಿಗೆ ಬಂದಿದೆ. ಇದರಲ್ಲಿ ಅಪನಂಬಿಕೆ ಇದೆ, ಜೊತೆಗೆ ಒಪ್ಪಿಗೆಯೂ ಇದೆ. ಎಷ್ಟೋ ಸಲ ಅದೇ ಮಾತನ್ನು ಮೆಚ್ಚುಗೆಯಿಂದ ಹೇಳುವುದೂ ಉಂಟು. ನನ್ನನ್ನು ಹೆಚ್ಚು ಕಾಡುವುದು ಆ ಮೆಚ್ಚುಗೆ.

ಸಂಶಯದಲ್ಲಿ ಎರಡು ಬಗೆಗಳಿವೆ, ಕಲಸಬಾರದು. ಸತ್ತವನು ಅವನೇ ಹೌದೇ ಎಂಬುದು ಒಂದು. 2004ರ ಅಕ್ಟೋಬರ್ 18ರ ರಾತ್ರಿ ಧರ್ಮಪುರಿ ಜಿಲ್ಲೆಯ ಪಾಪ್ಪಾರಪಟ್ಟಿ ಬಳಿ ಕಾಡುಗಳ್ಳ ವೀರಪ್ಪನ್ ಸತ್ತಾಗ, ಪತ್ರಿಕೆಗಳಲ್ಲಿ ಬಂದ ಚಿತ್ರದಲ್ಲಿ ಆ ದೊಡ್ಡ ಮೀಸೆ ಇರಲಿಲ್ಲ. ಇವನು ವೀರಪ್ಪನ್ನೇ ಹೌದೇ ಎಂದು ಗಡಿಯ ಎರಡೂ ಕಡೆ ಜನ ಕೇಳಿದರು. ಕಾಡಿನಲ್ಲಿ ದಶಕಗಟ್ಟಲೆ ಸಿಗದವನು ಆಂಬುಲೆನ್ಸ್‌ ಹತ್ತಿ ಬಂದು ಸಿಕ್ಕನೆಂದರೆ ಕೇಳದೆ ಇರುವುದು ಹೇಗೆ? ದೇಹ ಕುಟುಂಬದವರ ಕೈಗೆ ಹೋಗಿ ಮೇಟ್ಟೂರಿನ ಕಡೆ ಮಣ್ಣಾದ ಮೇಲೆ ಆ ಸಂಶಯ ತಣ್ಣಗಾಯಿತು. ಹೇಗೆ ಸತ್ತ ಎಂಬ ಎರಡನೆಯ ಸಂಶಯ ಮಾತ್ರ ಹಾಗೆಯೇ ಮುಂದುವರಿಯಿತು. ಮೊದಲೇ ಹಿಡಿದು ಆಮೇಲೆ ಕೊಂದರೆಂದು ಹೇಳಿದವರಿದ್ದಾರೆ, ಪೊಲೀಸರು ಅದನ್ನು ಒಪ್ಪಿಲ್ಲ.

ಮಲೆನಾಡಿನಲ್ಲಿ ಉಳಿದಿರುವುದು ಹೆಚ್ಚಾಗಿ ಈ ಎರಡನೆಯ ಬಗೆ. 2005ರ ಫೆಬ್ರುವರಿ 6ರಂದು ಚಿಕ್ಕಮಗಳೂರು ಜಿಲ್ಲೆಯ ಮೆಣಸಿನಹಾಡ್ಯದ ಬಳಿ ಮಾವೋವಾದಿ ನಾಯಕ ಸಾಕೇತ್ ರಾಜನ್ ಪೊಲೀಸರ ಗುಂಡಿಗೆ ಸತ್ತ. ‘ಸಾಕಿ’ ಎಂಬ ಹೆಸರಿನಲ್ಲಿ ಕರ್ನಾಟಕದ ಇತಿಹಾಸವನ್ನು ಎರಡು ಸಂಪುಟಗಳಲ್ಲಿ ಇಂಗ್ಲಿಷಿನಲ್ಲಿ ಬರೆದವನು ಅವನು. ಕಾದಾಟ ಎಂದಿತು ಸರ್ಕಾರ. ನಾಗರಿಕ ಹಕ್ಕುಗಳ ಸಂಘಟನೆಗಳು ಪ್ರಶ್ನಿಸಿದವು. ಕೆಲವೇ ದಿನಗಳಲ್ಲಿ ಪಾವಗಡದ ವೆಂಕಟಮ್ಮನಹಳ್ಳಿಯಲ್ಲಿ ಮಲಗಿದ್ದ ಪೊಲೀಸರ ಮೇಲೆ ಮಾವೋವಾದಿಗಳ ದಾಳಿ ನಡೆದು ಹಲವರು ಸತ್ತರು. ಆ ಸಾವುಗಳಿಗೆ ‘ಅಂತೆ’ ಇರಲಿಲ್ಲ. ಹೆಣಗಳು ಮನೆಮನೆಗೆ ಹೋದವು. ಆ ಪೊಲೀಸರ ಮನೆಯವರ ದುಃಖವನ್ನು ಮರೆತು ಎನ್‌ಕೌಂಟರನ್ನು ಪ್ರಶ್ನಿಸುವವರ ಮಾತಿಗೆ ತೂಕವಿಲ್ಲ ಎಂದೇ ನಾನು ತಿಳಿದಿದ್ದೇನೆ. ಹಾಗೆಯೇ ಆ ದುಃಖವನ್ನು ಮುಂದೊಡ್ಡಿ ಪ್ರಶ್ನೆಯ ಬಾಯಿ ಮುಚ್ಚಿಸುವುದೂ ಸಲ್ಲದು.

2024ರ ನವೆಂಬರ್ 18ರಂದು ಹೆಬ್ರಿ ತಾಲ್ಲೂಕಿನ ಕಬ್ಬಿನಾಲೆಯ ಪೀತಬೈಲಿನಲ್ಲಿ ಮಾವೋವಾದಿ ನಾಯಕ ವಿಕ್ರಂ ಗೌಡ ಸತ್ತಾಗ ಇಪ್ಪತ್ತು ವರ್ಷದ ಹಿಂದಿನ ಮಾತುಗಳೇ ಮರಳಿದವು. ಅವನು ಮೊದಲು ಗುಂಡು ಹಾರಿಸಿದ್ದರಿಂದ ಹಾರಿಸಬೇಕಾಯಿತು ಎಂದಿತು ಸರ್ಕಾರ, ಗೃಹಸಚಿವ ಜಿ. ಪರಮೇಶ್ವರ ಪೊಲೀಸರ ಕ್ರಮವನ್ನು ಸಮರ್ಥಿಸಿಕೊಂಡರು. ನ್ಯಾಯಾಂಗ ತನಿಖೆ ಬೇಕು ಎಂದರು ಪ್ರಗತಿಪರರು. ಎರಡು ತಿಂಗಳೂ ಕಳೆಯದೆ, 2025ರ ಜನವರಿ 8ರಂದು, ಅದೇ ಚಳವಳಿಯ ಆರು ಮಂದಿ ಮುಖ್ಯಮಂತ್ರಿ ಸಿದ್ದರಾಮಯ್ಯನವರ ಎದುರು ಶರಣಾದರು. ಶರಣಾಗತಿಯ ಸುದ್ದಿಗೆ ಯಾರೂ ಸಂಶಯ ಎತ್ತಲಿಲ್ಲ. ಬದುಕಿದ್ದವರೇ ಎದುರು ಕೂತಿದ್ದರು, ತಮ್ಮ ಮಾತನ್ನು ತಾವೇ ಹೇಳಿದರು.

ನಮ್ಮ ಗಡಿಯಾಚೆ ನೋಡಿದರೆ ಮೊದಲ ಬಗೆಯ ಸಂಶಯಕ್ಕೆ ಎಷ್ಟು ಆಧಾರವಿದೆ ಎಂಬುದು ತಿಳಿಯುತ್ತದೆ. ನೈಜೀರಿಯಾದ ಬೊಕೊ ಹರಾಂ ಮುಖಂಡ ಅಬೂಬಕರ್ ಶೆಕಾವ್ ಸತ್ತನೆಂದು ಅಲ್ಲಿನ ಅಧಿಕಾರಿಗಳು 2009ರಲ್ಲಿ ನಂಬಿದ್ದರು. 2013ರಲ್ಲಿ ಸತ್ತಿರಬಹುದು ಎಂದಿತು ಸೇನೆ. 2014ರಲ್ಲಿ ಸತ್ತವನು ಅವನಂತೆಯೇ ಕಾಣುವ ಇನ್ನೊಬ್ಬ ಎಂಬ ವಿವರಣೆ ಬಂತು. 2016ರಲ್ಲಿ ಮಾರಣಾಂತಿಕ ಗಾಯ ಎಂಬ ಪ್ರಕಟಣೆ. ಪ್ರತಿ ಸಲವೂ ಅವನು ಹೊಸ ವಿಡಿಯೊದಲ್ಲಿ ಬಂದು ಕೂತ. ಕೊನೆಗೆ 2021ರ ಮೇನಲ್ಲಿ ಸತ್ತದ್ದು ಎದುರಾಳಿ ಉಗ್ರರ ಮುತ್ತಿಗೆಯಲ್ಲಿ. ಪ್ರತಿ ಸುಳ್ಳು ಸಾವೂ ಅವನನ್ನು ಇನ್ನಷ್ಟು ದೊಡ್ಡವನನ್ನಾಗಿ ಮಾಡಿತ್ತು. ಅವಸರದ ಪ್ರಕಟಣೆ ಸರ್ಕಾರಕ್ಕೇ ತಿರುಗುಬಾಣವಾಗುವುದು ಹೀಗೆ. ಎಲ್‌ಟಿಟಿಇ ಮುಖಂಡ ಪ್ರಭಾಕರನ್ 1989ರಲ್ಲೊಮ್ಮೆ ಪತ್ರಿಕೆಗಳಲ್ಲಿ ಸತ್ತ, 2004ರ ಸುನಾಮಿಯ ನಂತರ ಮತ್ತೆ ಸತ್ತ, ನಿಜವಾಗಿ ಸತ್ತದ್ದು 2009ರ ಮೇನಲ್ಲಿ. ಸಾವನ್ನು ಮುಚ್ಚಿಡುವ ಆಟ ಇನ್ನೊಂದು ಕಡೆಯವರದು: ತಾಲಿಬಾನಿನ ಮುಲ್ಲಾ ಒಮರ್ ಸತ್ತದ್ದು 2013ರಲ್ಲಿ, ಲೋಕಕ್ಕೆ ತಿಳಿದದ್ದು 2015ರ ಜುಲೈನಲ್ಲಿ, ಅದೇ ತಿಂಗಳು ಅವನ ಹೆಸರಿನಲ್ಲಿ ಹಬ್ಬದ ಸಂದೇಶವೂ ಹೊರಟಿತ್ತು.

ಸಾವನ್ನು ಖಚಿತಮಾಡಿಕೊಳ್ಳುವ ಚಿಂತೆ ಧರ್ಮಶಾಸ್ತ್ರದವರಿಗೂ ಇತ್ತು. ದೂರದೇಶದಲ್ಲಿ ಬಂಧು ಸತ್ತರೆ ಸೂತಕ ಎಷ್ಟು ದಿನ ಎಂಬುದು ಸುದ್ದಿ ಮುಟ್ಟಿದ ದಿನವನ್ನು ನೋಡಿ ನಿಶ್ಚಯವಾಗುತ್ತದೆ: ಹತ್ತು ದಿನದೊಳಗೆ ತಿಳಿದರೆ ಉಳಿದಷ್ಟು ದಿನ, ಆಮೇಲೆ ತಿಳಿದರೆ ಮೂರು ರಾತ್ರಿ, ವರ್ಷ ದಾಟಿದ್ದರೆ ಸ್ನಾನ. ಸುದ್ದಿಯಿಂದ ಹತ್ತಿದ ಸೂತಕ ಕಳೆಯುವುದು ಶುದ್ಧಿಯಿಂದ. ಒಂದೇ ಪದದ ಎರಡು ರೂಪಗಳು ಒಂದು ಸಾವಿನ ಈ ತುದಿಗೆ ಮತ್ತು ಆ ತುದಿಗೆ ನಿಂತಿವೆ. 1872ರ ಸಾಕ್ಷ್ಯ ಕಾಯ್ದೆಯ 108ನೆಯ ಕಲಮೂ ಸುದ್ದಿಯನ್ನೇ ಅಳತೆಗೋಲು ಮಾಡಿಕೊಂಡಿತ್ತು. ಒಬ್ಬ ಬದುಕಿದ್ದರೆ ಯಾರಿಗೆ ಸಹಜವಾಗಿ ಅವನ ಸುದ್ದಿ ತಿಳಿಯಬೇಕೋ ಅವರಿಗೆ ಏಳು ವರ್ಷ ತಿಳಿಯದಿದ್ದರೆ, ಬದುಕಿದ್ದಾನೆಂದು ತೋರಿಸುವ ಹೊಣೆ ಹಾಗೆನ್ನುವವರ ಮೇಲೆ ಬೀಳುತ್ತದೆ. ಸಾಮಾನ್ಯ ಪ್ರಜೆಯೊಬ್ಬನನ್ನು ಸತ್ತವನೆಂದು ಭಾವಿಸಲು ಕಾನೂನು ಏಳು ವರ್ಷ ಕಾಯುತ್ತದೆ.

ಪೊಲೀಸರ ಕೈಯಲ್ಲಿ ಆದ ಸಾವಿಗೆ ಶೋಧ ಹೇಗಿರಬೇಕೆಂದು ಸುಪ್ರೀಂ ಕೋರ್ಟ್ 2014ರ ಸೆಪ್ಟೆಂಬರ್ 23ರ ತೀರ್ಪಿನಲ್ಲಿ, ನಾಗರಿಕ ಹಕ್ಕುಗಳ ಸಂಘಟನೆ ಪಿಯುಸಿಎಲ್ ಮತ್ತು ಮಹಾರಾಷ್ಟ್ರ ಸರ್ಕಾರದ ನಡುವಿನ ಪ್ರಕರಣದಲ್ಲಿ, ಹದಿನಾರು ಅಂಶಗಳಾಗಿ ವಿಧಿಸಿದೆ. ಎಫ್‌ಐಆರ್ ದಾಖಲಾಗಬೇಕು. ತನಿಖೆಯನ್ನು ಸಿಐಡಿಯೋ ಬೇರೆ ಠಾಣೆಯವರೋ ಮಾಡಬೇಕು. ಸತ್ತವನನ್ನು ಗುರುತಿಸಲು ಬಣ್ಣದ ಚಿತ್ರ ತೆಗೆಯಬೇಕು. ಇಬ್ಬರು ವೈದ್ಯರು ಮರಣೋತ್ತರ ಪರೀಕ್ಷೆ ನಡೆಸಬೇಕು, ಅದರ ವಿಡಿಯೊ ಆಗಬೇಕು. ಬಂಧುಗಳಿಗೆ ಆದಷ್ಟು ಬೇಗ ತಿಳಿಸಬೇಕು. ಮ್ಯಾಜಿಸ್ಟ್ರೇಟರ ವಿಚಾರಣೆ ಕಡ್ಡಾಯ. ಶೌರ್ಯ ಸಂಶಯಾತೀತವಾಗಿ ಸ್ಥಾಪಿತವಾಗುವವರೆಗೆ ಪದಕವಾಗಲಿ ಅವಧಿಗೆ ಮುಂಚಿನ ಬಡ್ತಿಯಾಗಲಿ ಕೊಡುವಂತಿಲ್ಲ. ಇಲ್ಲಿ ಕೊನೆಗೆ ಹೇಳಿದ ಅಂಶವನ್ನು ನಾನು ಮತ್ತೆಮತ್ತೆ ಓದುತ್ತೇನೆ. ಸಾವಿನ ಸುದ್ದಿಯಿಂದ ಲಾಭವಿರುವವರೇ ಸುದ್ದಿ ತಂದವರಾಗಿದ್ದರೆ ಏನಾಗುತ್ತದೆ ಎಂಬುದನ್ನು ನ್ಯಾಯಾಲಯ ನೇರವಾಗಿ ಕಂಡಿದೆ.

ಮ್ಯಾಜಿಸ್ಟ್ರೇಟರ ವಿಚಾರಣೆ ಎಂದರೆ ಪ್ರಕಟಣೆ ಹೊರಡುತ್ತದೆ: ಈ ಸಾವಿನ ಬಗ್ಗೆ ಮಾಹಿತಿ ಇದ್ದವರು ಇಂಥ ದಿನ ಇಂಥ ಕಚೇರಿಗೆ ಬಂದು ಹೇಳಿಕೆ ಕೊಡಬಹುದು. ಕಾಡಂಚಿನ ಮನೆಗಳಲ್ಲಿ ಮಾಹಿತಿ ಇದ್ದೇ ಇರುತ್ತದೆ. ಆ ರಾತ್ರಿ ಗುಂಡಿನ ಸದ್ದು ಎಷ್ಟು ಹೊತ್ತು ಕೇಳಿತು, ಒಂದೇ ಕಡೆಯಿಂದ ಬಂತೋ ಎರಡೂ ಕಡೆಯಿಂದಲೋ, ಜೀಪು ಸದ್ದಿಗಿಂತ ಮೊದಲು ಬಂದದ್ದೋ ಆಮೇಲೋ, ಇದನ್ನೆಲ್ಲ ಬಲ್ಲವರು ಅಲ್ಲಿನವರೇ. ಇಲ್ಲಿ ನಮ್ಮ ಪದ ತನ್ನ ಇನ್ನೊಂದು ಅರ್ಥದಲ್ಲಿ ಅಡ್ಡ ಬರುತ್ತದೆ. ‘ಅವರ ಸುದ್ದಿ ನಮಗ್ಯಾಕೆ?’ ‘ಪೊಲೀಸರ ಸುದ್ದಿಗೆ ಹೋಗಬೇಡ.’ ಶೋಧಿಸಿ ಪಡೆದ ತಿಳಿವಳಿಕೆ ಎಂದಿದ್ದ ಸುದ್ದಿಗೆ ಗೊಡವೆ, ತಂಟೆ ಎಂಬ ಅರ್ಥವೂ ಬಂದಿದೆ. ಹಗಲು ಒಬ್ಬರು ಬಂದು ಅವರು ಬಂದಿದ್ದರೇ ಎಂದು ಕೇಳಿ, ರಾತ್ರಿ ಇನ್ನೊಬ್ಬರು ಬಂದು ಏನು ಹೇಳಿದೆ ಎಂದು ಕೇಳಿದ ಊರುಗಳಲ್ಲಿ ಆ ಅರ್ಥಕ್ಕೆ ಕಾರಣ ಹುಡುಕಬೇಕಿಲ್ಲ. ಹೇಳಿಕೆ ಕೊಡಲು ತಾಲ್ಲೂಕು ಕಚೇರಿಯ ಮೆಟ್ಟಿಲು ಹತ್ತಿದವನಿಗೆ ಯಾವ ತೊಂದರೆಯೂ ಆಗದು ಎಂಬ ಭರವಸೆಯನ್ನು ಆ ಪ್ರಕಟಣೆಯ ಕೊನೆಯ ಸಾಲಿನಲ್ಲಿ ಅಚ್ಚುಹಾಕಲು ಜಿಲ್ಲಾಡಳಿತಕ್ಕೆ ಯಾವ ಹೊಸ ಕಾನೂನೂ ಬೇಕಿಲ್ಲ.